ಪ್ಲೇಟ್ ಹೊಲಸಿದ್ದರೆ ಫಳಿಯೂ ಹೊಲಸು

ನಮ್ಮ ಅಡುಗೆಮನೆಯ ಎರಡು ಕಪಾಟಿನ ಬಾಗಿಲ ಮೇಲೆ ಒಂದೊಂದು ಪುಟ್ಟ ಚಂದ್ರನಿದ್ದಾನೆ. ಅಕ್ಕಿಕಾಳಿನಷ್ಟು ಉದ್ದ, ಬಿದಿಗೆ ಚಂದ್ರನ ಆಕಾರ, ಉಗುರಿಗೆ ಮಾತ್ರ ಸಿಗುವಷ್ಟು ತಗ್ಗು. ಮಧ್ಯಾಹ್ನ ಕಾಣುವುದಿಲ್ಲ. ಸಂಜೆ ಪಡುವಣ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಾಗ ಎದ್ದು ಕಾಣುತ್ತದೆ. ಕಂಡದ್ದೂ ಮಿಸ್ತ್ರಿಗೆ ಪೂರ್ತಿ ದುಡ್ಡು ಕೊಟ್ಟ ಮೇಲೆಯೇ ಅನ್ನಿ.

ಮಿಸ್ತ್ರಿ ಅಕ್ಕಲಕೋಟೆ ಕಡೆಯವನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಲೆಕ್ಕ ಹೇಳುವಾಗ ಹಿಂದಿ. ಬಂದವನೇ ಬಾಗಿಲ ಮೇಲೆ ಅಂಗೈ ಸವರಿ ಸುಮ್ಮನೆ ನಿಂತ. ಮರುದಿನ ಅದೇ ಲಾಟಿನಲ್ಲಿ ಉಳಿದಿದ್ದ ಎರಡು ಪೂರ್ತಿ ಶೀಟುಗಳನ್ನು ಟ್ಯೂಬ್‌ಲೈಟಿಗೆ ಓರೆ ಹಿಡಿದು ತೋರಿಸಿದ. ಎರಡರಲ್ಲೂ ಅದೇ ಮೂಲೆಯಿಂದ ಅಷ್ಟೇ ಗೇಣು ದೂರದಲ್ಲಿ ಅದೇ ಚಂದ್ರ. "ಇದು ಗಾಡಿಯಾಗ ತರೂಮುಂದ ಬಡಿದದ್ದಲ್ರೀ, ಪ್ರೆಸ್ಸಿನಾಗ ಕುಂತದ್ದು. ಪ್ಲೇಟ್ ಹೊಲಸಿದ್ರ ಫಳಿನೂ ಹೊಲಸ," ಅಂದ. ಶೀಟು ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ಯಾವ ಕಂಪನಿಯಲ್ಲಾದರೂ ಆಗಬಹುದಾದದ್ದೇ ಅದು. ಆದರೆ ಅವನ ಮಾತು ತಲೆಯಲ್ಲಿ ಕುಳಿತುಬಿಟ್ಟಿತು. ಆಮೇಲೆ ಈ ಫಳಿ, ಅಂದರೆ ಹಲಗೆ, ಒತ್ತುವ ಯಂತ್ರಗಳ ಹಿಂದೆ ಬಿದ್ದೆ.

ಪಾರ್ಟಿಕಲ್ ಬೋರ್ಡ್, ಎಂಡಿಎಫ್, ಪ್ಲೈವುಡ್ ಇವೆಲ್ಲ ಹುಟ್ಟುವುದು ಒಂದೇ ಬಗೆಯ ಯಂತ್ರದ ಬಾಯಲ್ಲಿ. ಅದರ ಹೆಸರು ಹಾಟ್ ಪ್ರೆಸ್. ಪಾರ್ಟಿಕಲ್ ಬೋರ್ಡಿಗೆ, ಎಂಡಿಎಫ್‌ಗೆ ಮರದ ಅಥವಾ ಕಬ್ಬಿನ ನಾರನ್ನು ಪುಡಿಮಾಡಿ ಒಣಗಿಸಿ, ಅಂಟು ಸಿಂಪಡಿಸಿ, ಹಾಸಿಗೆಯಂತೆ ಹರಡುತ್ತಾರೆ. ಒಂದು ಗೇಣಿನಷ್ಟು ಉಬ್ಬಿರುವ ಆ ಹಾಸಿಗೆಯನ್ನು ಕಾದ ಉಕ್ಕಿನ ಎರಡು ಪ್ಲೇಟುಗಳ ನಡುವೆ ಇಟ್ಟು ಅದುಮುತ್ತಾರೆ. ಪಾರ್ಟಿಕಲ್ ಬೋರ್ಡಿಗಾದರೆ ಶಾಖ 160ರಿಂದ 220 ಡಿಗ್ರಿ ಸೆಲ್ಸಿಯಸ್. ಒತ್ತಡ ಒಂದು ಚದರ ಸೆಂಟಿಮೀಟರಿಗೆ 25ರಿಂದ 35 ಕಿಲೋ. ಕೇಳಲು ಇದು ಏನೂ ಅಲ್ಲ ಅನ್ನಿಸುತ್ತದೆ, ಲೆಕ್ಕ ಹಾಕಿ ನೋಡಿ. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಒಂದು ಶೀಟಿನ ಮೇಲೆ, 25 ಕಿಲೋದಂತೆ ಹಿಡಿದರೂ, ಸುಮಾರು 740 ಟನ್ ಭಾರ ಕೂರುತ್ತದೆ. ಇಪ್ಪತ್ತೈದು ಟನ್ ತೂಗುವ ಮೂವತ್ತು ಲಾರಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ.

ಅಷ್ಟು ಭಾರದ ಕೆಳಗೆ ಪ್ಲೇಟಿನ ಮೇಲೆ ಏನಿದೆಯೋ ಅದು ಫಳಿಯಲ್ಲಿ ಅಚ್ಚಾಗದೆ ಬಿಡುವುದಿಲ್ಲ. ಪ್ಲೇಟಿನಲ್ಲಿ ಉಬ್ಬಿದ್ದರೆ ಫಳಿಯಲ್ಲಿ ತಗ್ಗು, ಪ್ಲೇಟಿನಲ್ಲಿ ಗೀರಿದ್ದರೆ ಫಳಿಯ ಮೇಲೆ ಏಣು. ಒಂದೇ ಕಲೆ ಪ್ರತಿ ಶೀಟಿನಲ್ಲೂ ಅದೇ ಜಾಗದಲ್ಲಿ ಬಂದರೆ ದೋಷ ಪ್ಲೇಟಿನದು. ಜಾಗ ಬದಲಿಸುತ್ತಾ ಹೋದರೆ ನಾರಿನದು ಅಥವಾ ಅಂಟಿನದು. ನಮ್ಮ ಮಿಸ್ತ್ರಿ ಎರಡು ಶೀಟು ಜೋಡಿಸಿ ನೋಡಿದ್ದು ಇದಕ್ಕೇ. ಕಾರ್ಖಾನೆಯ ತಪಾಸಣೆಯವರು ಮಾಡುವುದೂ ಇಷ್ಟೇ, ಅವರ ಬಳಿ ದೀಪ ಇನ್ನಷ್ಟು ಒಳ್ಳೆಯದಿರುತ್ತದೆ.

ಸೊಲ್ಲಾಪುರದಲ್ಲಿ ಕೂತು ಮರದ ಫಳಿಯ ಮಾತೇಕೆ, ಇಲ್ಲಿ ಕಾಡೆಲ್ಲಿದೆ ಎಂದು ಕೇಳಬಹುದು. ಇಲ್ಲಿರುವುದು ಎರೆಮಣ್ಣು, ಜೋಳ, ಭೀಮೆಯ ನೀರು ಮುಟ್ಟಿದಲ್ಲೆಲ್ಲ ಕಬ್ಬು. ಜಿಲ್ಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. ನೂರು ಟನ್ ಕಬ್ಬು ಅರೆದರೆ ಇಪ್ಪತ್ತೆಂಟು, ಮೂವತ್ತು ಟನ್ ಹಸಿ ಸಿಪ್ಪೆ ಉಳಿಯುತ್ತದೆ. ಕಾರ್ಖಾನೆಯವರ ಬಾಯಲ್ಲಿ ಅದು ಬಗ್ಯಾಸ್, ಮರಾಠಿ ಮಂದಿಗೆ ಚಿಪಾಡ. ಮರವಿಲ್ಲದ ನಾಡಿನ ಮರ ಅದೇ. ಮಾಳಶಿರಸ ತಾಲೂಕಿನ ವೇಳಾಪುರದಲ್ಲಿ 1990ರ ದಶಕದಲ್ಲಿ ಶುರುವಾದ ಇಕೋಬೋರ್ಡ್ ಕಾರ್ಖಾನೆ ಈ ಸಿಪ್ಪೆಯಿಂದಲೇ ಪಾರ್ಟಿಕಲ್ ಬೋರ್ಡ್ ಒತ್ತಲು ಹೊರಟದ್ದು. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಪಂಢರಪುರಕ್ಕೆ ಹೋಗುವಾಗ ತಂಗುವ ಊರು ವೇಳಾಪುರ. ವಾರಕರಿಗಳ ದಾರಿಯ ಎರಡೂ ಬದಿ ಕಬ್ಬಿನ ಹೊಲ.

ಸಿಪ್ಪೆಗೆ ಇನ್ನೊಬ್ಬ ಗಿರಾಕಿಯೂ ಇದ್ದಾನೆ, ಬಾಯ್ಲರ್. ಸಿಪ್ಪೆ ಉರಿಸಿ ವಿದ್ಯುತ್ ಮಾಡುವ ಘಟಕಗಳು ಬಂದ ಮೇಲೆ ಫಳಿಗೆ ಸಿಪ್ಪೆ ಸಿಗುವುದೇ ತುಟ್ಟಿಯಾಯಿತು. ಸೊಲ್ಲಾಪುರದ ಸಿದ್ಧೇಶ್ವರ ಸಹಕಾರಿ ಕಾರ್ಖಾನೆಯ ವಿದ್ಯುತ್ ಘಟಕದ ಚಿಮಣಿಯನ್ನು ವಿಮಾನಕ್ಕೆ ಅಡ್ಡವೆಂದು 2023ರ ಜೂನ್‌ನಲ್ಲಿ ನೆಲಕ್ಕುರುಳಿಸಿದ್ದು ಊರಿಗೆಲ್ಲ ನೆನಪಿದೆ. ಆ ಚಿಮಣಿಯ ಬುಡದಲ್ಲಿ ಉರಿಯುತ್ತಿದ್ದದ್ದು ಇದೇ ಸಿಪ್ಪೆ.

ಈ ಸಿಪ್ಪೆ ತನ್ನ ಹೊಲಸನ್ನು ತಾನೇ ಹೊತ್ತು ತರುತ್ತದೆ. ಮೂರು ಬಗೆಯ ಹೊಲಸು. ಒಂದು ಸಕ್ಕರೆ. ಎಷ್ಟೇ ಹಿಂಡಿದರೂ ಹಸಿ ಸಿಪ್ಪೆಯಲ್ಲಿ ನೂರಕ್ಕೆ ಎರಡು ಮೂರು ಪಾಲು ಸಕ್ಕರೆ ಉಳಿದೇ ಉಳಿಯುತ್ತದೆ. ಗಾಣದಲ್ಲಿ ಬೆಲ್ಲದ ಕೊಪ್ಪರಿಗೆ ತೊಳೆದವರಿಗೆ ಮುಂದಿನದ್ದು ಹೇಳಬೇಕಿಲ್ಲ. ಕಾದ ಉಕ್ಕಿಗೆ ಸಕ್ಕರೆ ತಾಗಿದರೆ ಮೊದಲು ಜಿಗಟು, ಆಮೇಲೆ ಕಂದು, ಕೊನೆಗೆ ಕಲ್ಲಿನಂಥ ಕರಕಲು. ಎರಡನೆಯದು ಬೆಂಡು. ಕಬ್ಬಿನ ಒಳಗಿನ ಮೆತ್ತನೆಯ ತಿರುಳು ನಾರಲ್ಲ, ಸ್ಪಂಜು. ಅಂಟನ್ನೆಲ್ಲ ತಾನೇ ಕುಡಿದುಬಿಡುತ್ತದೆ, ನುಣ್ಣನೆ ಪುಡಿಯಾಗಿ ಎಲ್ಲೆಡೆ ಕೂರುತ್ತದೆ. ಸಿಪ್ಪೆಯ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಈ ಬೆಂಡೇ. ಹಾಗಾಗಿ ಫಳಿ ಮಾಡುವವರು ಮೊದಲು ಬೆಂಡು ಬೇರೆ ಮಾಡುವ ಯಂತ್ರಕ್ಕೆ ಸಿಪ್ಪೆ ಹಾಕುತ್ತಾರೆ. ಮೂರನೆಯದು ಮಣ್ಣು. ಮಳೆ ಬಿದ್ದ ಮೇಲೆ ಎರೆಹೊಲದಿಂದ ಕಬ್ಬು ಹೊರುವುದನ್ನು ನೋಡಿದ್ದರೆ ಗೊತ್ತು, ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದಷ್ಟೇ ಕೆಸರು ಕಬ್ಬಿನ ಬುಡಕ್ಕೂ ಮೆತ್ತಿರುತ್ತದೆ. ಕಬ್ಬಿನ ಸಿಪ್ಪೆಯಲ್ಲೇ ಮರಳಿನ ಅಂಶ ಸ್ವಲ್ಪ ಇರುತ್ತದೆ. ಅದಕ್ಕೆ ಹೊಲದ ಮಣ್ಣೂ ಸೇರಿದರೆ ಸಾಣೆಕಲ್ಲಿನ ಪುಡಿ ಹಾಕಿದಂತೆಯೇ. ಪ್ಲೇಟಿನ ನುಣುಪು ಕೆರೆದುಹೋಗುತ್ತದೆ, ಕೆರೆದ ಜಾಗದಲ್ಲಿ ಸಕ್ಕರೆಯೂ ಅಂಟೂ ಗಟ್ಟಿಯಾಗಿ ಬೇರು ಬಿಡುತ್ತವೆ.

ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇಲ್ಲಿದೆ. ಪ್ರೆಸ್ಸಿನ ಸ್ವಚ್ಛತೆ ಅಂದರೆ ನಾವು ಬ್ರಶ್ಶು, ರಾಸಾಯನಿಕ ಎಂದು ಯೋಚಿಸುತ್ತೇವೆ. ಪ್ಲೇಟಿಗೆ ಬರುವ ಹೊಲಸಿನ ದೊಡ್ಡ ಪಾಲು ತೀರ್ಮಾನವಾಗುವುದು ಹೊಲದಲ್ಲಿ, ಅಂಗಳದಲ್ಲಿ, ಸಿಪ್ಪೆಯ ಬಣವೆಯಲ್ಲಿ. ಕಬ್ಬು ಅರೆಯುವ ಹಂಗಾಮು ನಾಲ್ಕೈದು ತಿಂಗಳು, ಫಳಿ ಕಾರ್ಖಾನೆ ವರ್ಷವಿಡೀ ನಡೆಯಬೇಕು. ಹಾಗಾಗಿ ಸಿಪ್ಪೆಯನ್ನು ಕಟ್ಟುಗಳಾಗಿ ಒತ್ತಿ ತಿಂಗಳುಗಟ್ಟಲೆ ಒಟ್ಟುತ್ತಾರೆ. ಒಟ್ಟಿದ ಬಣವೆ ತಂತಾನೇ ಹುದುಗುತ್ತದೆ, ಒಳಗೆ ಕೈ ಇಡಲಾಗದಷ್ಟು ಕಾಯುತ್ತದೆ. ಆ ಹುದುಗುವಿಕೆಯಲ್ಲಿ ಉಳಿದ ಸಕ್ಕರೆ ಕರಗಿಹೋಗುತ್ತದೆ. ಗಾಳಿಯಾಡುವಂತೆ ಸರಿಯಾಗಿ ಒಟ್ಟಿದ್ದರೆ ಅದು ವರವೇ. ತಪ್ಪಾಗಿ ಒಟ್ಟಿದ್ದರೆ ನಾರು ಕೊಳೆಯುತ್ತದೆ, ಒಮ್ಮೊಮ್ಮೆ ಬಣವೆಗೆ ಬೆಂಕಿಯೇ ಹತ್ತುತ್ತದೆ. ನಿನ್ನೆ ಅರೆದ ಹಸಿ ಸಿಪ್ಪೆಯನ್ನು ಇಂದೇ ಪ್ರೆಸ್ಸಿಗೆ ಹಾಕುವ ಅವಸರದವನು ನಾಳೆ ಪ್ಲೇಟು ಕೆರೆಯುತ್ತಾ ಕೂರುತ್ತಾನೆ.

ಇನ್ನು ಪ್ಲೇಟಿನ ಹತ್ತಿರ ಹೋಗೋಣ. ನಮ್ಮ ಕಡೆಯ ಹೆಂಗಸರು ಮಾಲ್ದಂಡಿ ಜೋಳದ ರೊಟ್ಟಿ ಬೇಯಿಸುವಾಗ ನಡುನಡುವೆ ಒದ್ದೆ ಬಟ್ಟೆಯಿಂದ ಹಂಚು ಒರೆಸುತ್ತಾರೆ. ಉದುರಿದ ಹಿಟ್ಟು ಸುಟ್ಟು ಕರಿಯಾದರೆ ಮುಂದಿನ ರೊಟ್ಟಿ ಅಲ್ಲಿ ಹಿಡಿಯುತ್ತದೆ, ಪಕ್ಕದಲ್ಲಿ ಹಸಿ ಉಳಿಯುತ್ತದೆ. ಪ್ರೆಸ್ಸಿನಲ್ಲೂ ಆಗುವುದು ಅದೇ. ಕರಕಲು ಶಾಖವನ್ನು ತಡೆಯುತ್ತದೆ. ಉಕ್ಕು ಶಾಖವನ್ನು ಸಲೀಸಾಗಿ ಹಾಯಿಸುತ್ತದೆ, ಸುಟ್ಟ ಅಂಟು ಅದರ ಇನ್ನೂರನೆಯ ಒಂದು ಪಾಲೂ ಹಾಯಿಸುವುದಿಲ್ಲ. ಅಂದರೆ ಅರ್ಧ ಮಿಲಿಮೀಟರ್ ಕರಕಲಿನ ಪದರವು ಶಾಖದ ದಾರಿಗೆ ಹತ್ತು ಸೆಂಟಿಮೀಟರ್ ದಪ್ಪದ ಉಕ್ಕಿನಷ್ಟು ಅಡ್ಡಿ. ಕರಕಲು ಕೂತ ಕಡೆ ಅಂಟು ಪೂರ್ತಿ ಬೇಯುವುದಿಲ್ಲ, ಉಳಿದ ಕಡೆ ಬೆಂದಿರುತ್ತದೆ. ಪ್ರೆಸ್ಸು ಬಾಯಿ ತೆರೆದ ಕ್ಷಣ ಒಳಗೆ ಸಿಕ್ಕ ಉಗಿ ಬಲವಿಲ್ಲದ ಜಾಗ ಹುಡುಕಿ ಢಬ್ ಎಂದು ಸಿಡಿದು ಫಳಿಯ ಹೊಟ್ಟೆ ಉಬ್ಬುತ್ತದೆ. ಆಪರೇಟರು ಅಂಟನ್ನು ಬೈಯುತ್ತಾನೆ. ಅಂಟಿನವನು ತೇವವನ್ನು ದೂರುತ್ತಾನೆ. ಪ್ಲೇಟು ಸುಮ್ಮನಿರುತ್ತದೆ.

ಬರೀ ಸಾದಾ ಫಳಿಯಾದರೆ ಸ್ವಲ್ಪ ಮಾಫಿ ಇದೆ. ಪ್ರೆಸ್ಸಿನಿಂದ ಬಂದ ಮೇಲೆ ಎರಡೂ ಮುಖವನ್ನು ಸ್ಯಾಂಡಿಂಗ್ ಯಂತ್ರ ತೀಡುವಾಗ ಸಣ್ಣಪುಟ್ಟ ಕಲೆ ಅಳಿಸಿಹೋಗುತ್ತದೆ. ಆದರೆ ಮೇಲೆ ಬಣ್ಣದ ಮೆಲಮಿನ್ ಕಾಗದ ಕೂರಿಸುವ ಎರಡನೆಯ ಪ್ರೆಸ್ಸಿಗೆ ಆ ಸವಲತ್ತಿಲ್ಲ. ಅಲ್ಲಿಂದ ಹೊರಬಂದದ್ದೇ ಅಂತಿಮ ಮುಖ. ಅಲ್ಲಿ ಬಳಸುವ ಪ್ಲೇಟುಗಳ ಮೇಲೆ ಕನ್ನಡಿಯಂತೆ ಹೊಳೆಯುವ ಅಥವಾ ಮರದ ಗೆರೆ ಕೆತ್ತಿದ ಕ್ರೋಮ್ ಲೇಪ ಇರುತ್ತದೆ. ನಾವು ಮನೆಯಲ್ಲಿ ತೇಗದ ಗೆರೆ ಎಂದು ಸವರಿ ಮೆಚ್ಚುವುದು ಆ ಪ್ಲೇಟಿನ ಕೆತ್ತನೆಯನ್ನು. ನಮ್ಮ ಬಾಗಿಲ ಚಂದ್ರ ಹುಟ್ಟಿದ್ದೂ ಇಂಥ ಪ್ರೆಸ್ಸಿನಲ್ಲೇ ಇರಬೇಕು, ಹಿಂದಿನ ಶೀಟಿನ ಅಂಚಿನಿಂದ ಮುರಿದು ಬಿದ್ದ ಒಂದು ಚೂರಿನಿಂದ.

ಸ್ವಚ್ಛ ಮಾಡುವುದು ಹೇಗೆ? ಮೊದಲು ಗೊತ್ತಿರಬೇಕಾದದ್ದು ಅಂಟಿನ ಜಾತಿ. ಅಗ್ಗದ ಫಳಿಗಳಲ್ಲಿ ಇರುವುದು ಯೂರಿಯಾ ಫಾರ್ಮಾಲ್ಡಿಹೈಡ್. ನೀರು ತಾಗಿದರೆ ಕಪಾಟಿನ ತಳ ಉಬ್ಬುವುದು ಈ ಅಂಟಿನ ದೌರ್ಬಲ್ಯದಿಂದ. ಅದೇ ದೌರ್ಬಲ್ಯ ಪ್ರೆಸ್ಸು ತೊಳೆಯುವವನಿಗೆ ಉಪಕಾರ, ಏಕೆಂದರೆ ಬಿಸಿನೀರು, ಉಗಿ ತಾಗಿದರೆ ಗಟ್ಟಿಯಾದ ಆ ಅಂಟೂ ಮೆತ್ತಗಾಗುತ್ತದೆ. ಬೆಚ್ಚಗಿನ ಪ್ಲೇಟಿನ ಮೇಲೆ ಒದ್ದೆ ಗೋಣಿಚೀಲ ಹಾಸಿ ಬಿಟ್ಟು ಆಮೇಲೆ ಕೆರೆಯುವ ಹಳೆಯ ಉಪಾಯ ನಡೆಯುವುದು ಇದರಿಂದಲೇ. ನೀರಿಗೂ ಬಗ್ಗದ ಪ್ಲೈವುಡ್‌ನಲ್ಲಿ ಇರುವುದು ಫಿನಾಲ್ ಅಂಟು. ಅದಕ್ಕೆ ಬಿಸಿನೀರು ಲೆಕ್ಕಕ್ಕಿಲ್ಲ, ಬಗ್ಗಿದರೆ ಕಾಸ್ಟಿಕ್ ಸೋಡಾಕ್ಕೆ ಬಗ್ಗುತ್ತದೆ. ಇಲ್ಲೊಂದು ಅಪಾಯವಿದೆ. ಪ್ಲೈವುಡ್ ಘಟಕಗಳಲ್ಲಿ ಹಾಳೆಯ ಕೆಳಗೆ ಮೇಲೆ ಅಲ್ಯುಮಿನಿಯಂ ತಗಡು ಇಟ್ಟು ಒತ್ತುವುದು ರೂಢಿ. ಉಕ್ಕಿನ ಪ್ಲೇಟಿಗೆ ಹಾಕಿದ ಕಾಸ್ಟಿಕ್ಕನ್ನೇ ಆ ತಗಡಿಗೂ ಸುರಿದರೆ ಅಲ್ಯುಮಿನಿಯಂ ನೊರೆಗರೆದು ಕರಗತೊಡಗುತ್ತದೆ, ಜೊತೆಗೆ ಹೈಡ್ರೋಜನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಬೀಡಿ ಹಚ್ಚುವವನೊಬ್ಬನಿದ್ದರೆ ಕಥೆ ಮುಗಿಯಿತು.

ಕೆರೆಯುವ ಉಪಕರಣಕ್ಕೂ ಒಂದು ನಿಯಮವಿದೆ: ಪ್ಲೇಟಿಗಿಂತ ಮೆತ್ತಗಿರಬೇಕು. ಹಿತ್ತಾಳೆಯ ಚಪ್ಪಟೆ ಉಳಿ, ಹಿತ್ತಾಳೆ ತಂತಿಯ ಬ್ರಶ್ಶು. ಅಂಟಿನ ಕರಕಲಿಗಿಂತ ಹಿತ್ತಾಳೆ ಗಟ್ಟಿ, ಉಕ್ಕಿಗಿಂತ ಮೆತ್ತಗೆ. ಉಕ್ಕಿನ ಉಳಿ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಅದು ಬಿಟ್ಟ ಗೀರಿನಲ್ಲಿ ಮರುದಿನವೇ ಇಮ್ಮಡಿ ಅಂಟು ಕೂರುತ್ತದೆ. ಕ್ರೋಮ್ ಪ್ಲೇಟಿಗಂತೂ ಮೆತ್ತನೆ ಬಟ್ಟೆಯೇ ಗತಿ. ಅಲ್ಲಿ ಸ್ಟೀಲ್ ವೂಲ್ ಹಿಡಿದವನು ಇಡೀ ಪ್ಲೇಟಿಗೆ ಮತ್ತೆ ಕ್ರೋಮ್ ಹಾಕಿಸುವ ಖರ್ಚು ತರುತ್ತಾನೆ.

ಅಕ್ಕಲಕೋಟೆ ರಸ್ತೆಯ ಬದಿಯ ಒಂದು ತಗಡಿನ ಶೆಡ್ಡಿನಲ್ಲಿ ಬಾಗಿಲು ಒತ್ತುವ ಸಣ್ಣ ಪ್ರೆಸ್ಸನ್ನು ಹತ್ತಿರದಿಂದ ನೋಡಿದೆ. ಮಾಲೀಕನಿಗೆ ಹೆಸರು ಬೇಡ, ಚಹಾ ಮಾತ್ರ ಬಲವಂತ. ಯೂರಿಯಾ ಅಂಟಿನ ಪುಡಿಗೆ ನೀರು, ಸ್ವಲ್ಪ ಮೈದಾ ಕಲಸಿ ಹಚ್ಚುತ್ತಾರೆ. ಮೈದಾ ಅಂಟನ್ನು ಮಂದ ಮಾಡುತ್ತದೆ, ಖರ್ಚೂ ತಗ್ಗುತ್ತದೆ. ಒತ್ತಿದಾಗ ಹೆಚ್ಚಾದ ಅಂಟು ಬಾಗಿಲಿನ ಅಂಚಿನಿಂದ ಹೊರಗೆ ಜಿನುಗುತ್ತದೆ. ಪ್ಲೇಟಿನ ಮೇಲೆ ಬಾಗಿಲ ಅಳತೆಯ ಒಂದು ಕಂದು ಚೌಕಟ್ಟು ಮೂಡಿತ್ತು, ಬೆರಳಲ್ಲಿ ಸವರಿದರೆ ಸಣ್ಣ ಕಟ್ಟೆ ಸಿಗುತ್ತಿತ್ತು. ಆ ವಾರ ಎಲ್ಲವೂ ಎರಡೂವರೆ ಅಡಿ ಅಗಲದ ಬಾಗಿಲು, ಹಾಗಾಗಿ ಕಟ್ಟೆಯಿಂದ ಯಾರಿಗೂ ತೊಂದರೆ ಇಲ್ಲ. ಮುಂದಿನ ವಾರ ಮೂರು ಅಡಿಯ ಬಾಗಿಲು ಬಂದರೆ ಅದು ಈ ಕಟ್ಟೆಯ ಮೇಲೆ ಕೂರುತ್ತದೆ, ಕಟ್ಟೆ ಇರುವಲ್ಲಿ ಅದುಮಿ, ಒಳಗೆ ಸಡಿಲ ಬಿಟ್ಟು. "ಅಳತಿ ಬದಲಾಗೂಮುಂದ ಕೆರೀತೀವ್ರೀ," ಅಂದ ಮಾಲೀಕ. ಒಂದು ಕ್ಷಣ ತಡೆದು ಸೇರಿಸಿದ, "ನೆನಪಿದ್ರ."

ದೊಡ್ಡ ಕಾರ್ಖಾನೆಗಳ ಕಥೆ ಬೇರೆ. ಚಿಕ್ಕಮಗಳೂರಿನ ಅಂಬಳೆ ಕೈಗಾರಿಕಾ ಪ್ರದೇಶದಲ್ಲೂ ಒಂದು ಎಂಡಿಎಫ್ ಕಾರ್ಖಾನೆಯಿದೆ. ಇಂಥ ಉದ್ಯಮದ ದೊಡ್ಡ ಘಟಕಗಳಲ್ಲಿ ಬಾಯಿ ತೆರೆದು ಮುಚ್ಚುವ ಪ್ರೆಸ್ಸಿನ ಬದಲು ನಿಲ್ಲದೆ ಓಡುವ ಪ್ರೆಸ್ಸುಗಳು ಬಂದಿವೆ. ಮೇಲೊಂದು ಕೆಳಗೊಂದು ಉಕ್ಕಿನ ಪಟ್ಟಿ, ದಪ್ಪ ಎರಡು ಮೂರು ಮಿಲಿಮೀಟರ್ ಮಾತ್ರ. ನಡುವೆ ನಾರಿನ ಹಾಸಿಗೆ ಹರಿದುಬರುತ್ತದೆ. ಪಟ್ಟಿಗೂ ಹಿಂದಿನ ಕಾದ ಪ್ಲೇಟಿಗೂ ನಡುವೆ ಸಾವಿರಾರು ಉಕ್ಕಿನ ಸಣ್ಣ ಸಲಾಕೆಗಳು ಚಾಪೆಯಂತೆ ಉರುಳುತ್ತವೆ. ಇಲ್ಲಿ ಒಂದು ಮೊಳೆಯೋ ಗಟ್ಟಿಯಾದ ಅಂಟಿನ ಮುದ್ದೆಯೋ ಒಳಹೋದರೆ ಹಾಳಾಗುವುದು ಒಂದು ಫಳಿಯಲ್ಲ, ಪಟ್ಟಿಯೇ. ಹಾಗಾಗಿ ಪ್ರೆಸ್ಸಿಗೆ ಮುಂಚೆಯೇ ಅಯಸ್ಕಾಂತ, ಲೋಹ ಪತ್ತೆಯಂತ್ರ ಕಾವಲು ಕಾಯುತ್ತವೆ, ಪಟ್ಟಿ ಸುತ್ತಿ ಬರುವ ದಾರಿಯಲ್ಲಿ ಬ್ರಶ್ಶು ಓಡುತ್ತಲೇ ಇರುತ್ತದೆ. ಅಂಟಿನ ಆಯ್ಕೆಯೂ ಸ್ವಚ್ಛತೆಯ ಪ್ರಶ್ನೆಯೇ. ಫಾರ್ಮಾಲ್ಡಿಹೈಡ್ ಬೇಡವೆಂದು ಬಳಸುವ ಐಸೋಸಯನೇಟ್ ಅಂಟು ನಾರಿಗೆ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೋ ಉಕ್ಕಿಗೂ ಅಷ್ಟೇ. ಬಿಡಿಸುವ ದ್ರವ ಪಟ್ಟಿಗೆ ಸಿಂಪಡಿಸದಿದ್ದರೆ ಫಳಿ ಪಟ್ಟಿಯನ್ನು ಬಿಡುವುದಿಲ್ಲ. ಗಟ್ಟಿಯಾದದ್ದನ್ನು ತೆಗೆಯಲು ಒಣ ಮಂಜುಗಡ್ಡೆಯ ಕಾಳು ಎರಚುವ ಪದ್ಧತಿ ಬಂದಿದೆ. ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಇಂಗಾಲದ ಡೈಆಕ್ಸೈಡ್ ಕಾಳು ಬಿಸಿ ಉಕ್ಕಿಗೆ ತಾಗಿದ ಕೂಡಲೇ ಕರಕಲು ಬಿರಿದು ಉದುರುತ್ತದೆ, ಕಾಳು ಅನಿಲವಾಗಿ ಹಾರಿಹೋಗುತ್ತದೆ. ನೀರಿಲ್ಲ, ಗೀರಿಲ್ಲ. ಆದರೆ ಆ ಅನಿಲ ಭಾರ, ತಗ್ಗಿನಲ್ಲಿ ಮಡುಗಟ್ಟುತ್ತದೆ. ಪ್ರೆಸ್ಸಿನ ಕೆಳಗಿನ ಗುಂಡಿಯಲ್ಲಿ ಕೆಲಸ ಮಾಡುವವನಿಗೆ ಉಸಿರು ಕಟ್ಟುತ್ತದೆ.

ಫಳಿಯ ಬೆನ್ನ ಮೇಲೆ ಜಾಳಿಗೆಯ ಗುರುತು ನೋಡಿದ್ದೀರಾ? ಪರೀಕ್ಷೆಗೆ ಒಯ್ಯುತ್ತಿದ್ದ ಕಂದು ಹಾರ್ಡ್‌ಬೋರ್ಡ್ ಪ್ಯಾಡು ತಿರುಗಿಸಿದರೆ ಇರುತ್ತಿತ್ತಲ್ಲ, ಅದೇ. ಅಮೆರಿಕದ ಮಿಸಿಸಿಪಿಯಲ್ಲಿ ವಿಲಿಯಂ ಮೇಸನ್ ಎಂಬಾತ 1924ರಲ್ಲಿ ಈ ಹಾರ್ಡ್‌ಬೋರ್ಡ್ ಕಂಡುಹಿಡಿದ. ಒದ್ದೆ ನಾರನ್ನು ಪ್ರೆಸ್ಸಿನಲ್ಲಿಟ್ಟು ಊಟಕ್ಕೆ ಹೋದ, ಉಗಿಯ ವಾಲ್ವು ಸೋರುತ್ತಿದ್ದರಿಂದ ಪ್ರೆಸ್ಸು ಕಾಯುತ್ತಲೇ ಇತ್ತು, ಬಂದು ನೋಡಿದರೆ ಕಲ್ಲಿನಂಥ ಹಾಳೆ ಎಂಬ ಕಥೆ ಆ ಉದ್ಯಮದಲ್ಲಿ ಇಂದಿಗೂ ಓಡಾಡುತ್ತದೆ. ಒದ್ದೆ ನಾರಿನ ನೀರೂ ಉಗಿಯೂ ಹೊರಹೋಗಲು ಕೆಳಗೆ ತಂತಿಯ ಜಾಳಿಗೆ ಇಡಬೇಕು, ಬೆನ್ನಿನ ಗುರುತು ಅದರದು. ಕಾಸರಗೋಡಿನಾಚೆ, ಕಣ್ಣೂರಿನ ವಳಪಟ್ಟಣದಲ್ಲಿ 1945ರಿಂದ ಇರುವ ವೆಸ್ಟರ್ನ್ ಇಂಡಿಯಾ ಪ್ಲೈವುಡ್ಸ್‌ನಂಥ ಹಾರ್ಡ್‌ಬೋರ್ಡ್ ಕಾರ್ಖಾನೆಗಳಿಗೆ ಪ್ಲೇಟಿಗಿಂತ ಜಾಳಿಗೆಯೇ ಹೆಚ್ಚಿನ ತಲೆನೋವು. ಕಣ್ಣು ಮುಚ್ಚಿಹೋದ ಜಾಳಿಗೆ ಉಗಿಯನ್ನು ಬಿಡುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಫಳಿಯ ಅಂದಚಂದ. ಪ್ರಾಣದ ಮಾತು ಧೂಳಿನದು. ಒಣಗಿದ ಬೆಂಡಿನ ಪುಡಿ, ಸ್ಯಾಂಡಿಂಗ್ ಧೂಳು ಪ್ರೆಸ್ಸಿನ ತೊಲೆಯ ಮೇಲೆ, ಕೇಬಲ್ ತಟ್ಟೆಯ ಮೇಲೆ, ಎಣ್ಣೆ ಪೈಪಿನ ಮೇಲೆ ಕೂರುತ್ತದೆ. ಹೈಡ್ರಾಲಿಕ್ ಎಣ್ಣೆ ಜಿನುಗಿದರೆ ಆ ಪುಡಿ ದೀಪದ ಬತ್ತಿಯಾಗುತ್ತದೆ. ಅದೇ ಧೂಳು ಗಾಳಿಗೆ ಎದ್ದು ಕಿಡಿ ಸಿಕ್ಕರೆ ಸ್ಫೋಟ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2012ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಮರದ ಮಿಲ್ಲುಗಳು ಹೀಗೇ ಸಿಡಿದು ತಲಾ ಇಬ್ಬರು ಸತ್ತರು. ಸಕ್ಕರೆ ನಾಡಿನವರು ನೆನಪಿಡಬೇಕಾದದ್ದು ಇನ್ನೊಂದು. ಅಮೆರಿಕದ ಜಾರ್ಜಿಯಾದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ 2008ರ ಫೆಬ್ರವರಿ 7ರಂದು ಸಕ್ಕರೆಯ ಧೂಳು ಸಿಡಿದು 14 ಜನ ಸತ್ತರು. ಮೊದಲ ಸ್ಫೋಟ ಚಿಕ್ಕದು. ಅದು ತೊಲೆಗಳ ಮೇಲೆ ವರ್ಷಗಳಿಂದ ಕೂತಿದ್ದ ಧೂಳನ್ನು ಕೆಡವಿತು, ದೊಡ್ಡ ಸ್ಫೋಟ ಆ ಧೂಳಿನದು.

ನಮ್ಮೂರಿನ ಗಾಯವೂ ಹಸಿಯಾಗಿಯೇ ಇದೆ. 2025ರ ಮೇ 18ರ ನಸುಕಿನಲ್ಲಿ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು ಎಂಟು ಜನ ಸತ್ತರು, ಅವರಲ್ಲಿ ಕೂಸೂ ಇತ್ತು. ಅದು ಫಳಿಯ ಕಾರ್ಖಾನೆಯಲ್ಲ, ಅದಕ್ಕೂ ಧೂಳಿಗೂ ಗಂಟು ಹಾಕುತ್ತಿಲ್ಲ. ನಾರು ತುಂಬಿದ ಶೆಡ್ಡಿನಲ್ಲಿ ಹೊತ್ತಿದ ಬೆಂಕಿಗೆ ಎಷ್ಟು ಹಸಿವಿರುತ್ತದೆ ಎಂಬುದು ಈ ಊರಿಗೆ ಯಾರೂ ಕಲಿಸಬೇಕಿಲ್ಲ, ಅಷ್ಟೇ.

1948ರ ಕಾರ್ಖಾನೆ ಕಾಯ್ದೆಯ 37ನೆಯ ಕಲಂ ಉರಿಯುವ ಧೂಳಿನ ಬಗ್ಗೆ ಆಗಲೇ ಎಚ್ಚರಿಸಿತ್ತು. ಆದರೂ ಬಹಳ ಶೆಡ್ಡುಗಳಲ್ಲಿ ಸ್ವಚ್ಛತೆ ಅಂದರೆ ಕಂಪ್ರೆಸರಿನ ಪೈಪು ಹಿಡಿದು ಭುಸ್ ಎಂದು ಊದುವುದೇ. ಎರಡು ನಿಮಿಷದಲ್ಲಿ ಪ್ರೆಸ್ಸು ಫಳಫಳ. ಧೂಳು ಹೋದದ್ದು ಎಲ್ಲಿಗೆ? ಗಾಳಿಗೆ, ದೀಪದ ಮೇಲೆ, ಹುಡುಗನ ಎದೆಗೆ. ಧೂಳನ್ನು ಹೀರಬೇಕು, ಊದಬಾರದು. ಈ ಒಂದು ಬದಲಾವಣೆಗೆ ಬೇಕಾದದ್ದು ಕಿಡಿ ಹಾರದ ಮೋಟರಿನ ಒಂದು ವ್ಯಾಕ್ಯೂಮ್, ಜೊತೆಗೆ ಮಾಲೀಕನ ಮನಸ್ಸು. ಬೂಸಲು ಹಿಡಿದ ಸಿಪ್ಪೆಯ ಧೂಳು ಕುಡಿದವರಿಗೆ ಬರುವ ಶ್ವಾಸಕೋಶದ ಬೇನೆಗೆ ವೈದ್ಯರು ಬಗ್ಯಾಸೋಸಿಸ್ ಎಂದೇ ಹೆಸರಿಟ್ಟಿದ್ದಾರೆ. 1941ರಲ್ಲಿ ಲೂಸಿಯಾನಾದ ಕಬ್ಬಿನ ಸೀಮೆಯಿಂದ ಅದು ವರದಿಯಾಯಿತು. ಜ್ವರ, ಕೆಮ್ಮು, ಏದುಸಿರು, ಸಾಮಾನ್ಯ ನೆಗಡಿ ಎಂದು ಗುಳಿಗೆ ನುಂಗಿ ಮತ್ತೆ ಅದೇ ಬಣವೆಗೆ ಹೋಗುವುದು. ಕಾದ ಪ್ಲೇಟಿನಿಂದ ಏಳುವ ಫಾರ್ಮಾಲ್ಡಿಹೈಡ್ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಪ್ಲೇಟು ಕೆರೆಯುವವನ ಮೂಗು ಪ್ಲೇಟಿಗೆ ಎಷ್ಟು ಹತ್ತಿರ ಇರುತ್ತದೆ ಎಂದು ಒಮ್ಮೆ ಬಾಗಿ ನೋಡಬೇಕು.

ಕಣ್ಣಿಗೆ ಕಾಣದ ಹೊಲಸೂ ಒಂದಿದೆ, ಪ್ಲೇಟಿನ ಹೊಟ್ಟೆಯೊಳಗೆ. ಪ್ಲೇಟಿನಲ್ಲಿ ಕೊರೆದ ನಾಳಗಳಲ್ಲಿ ಉಗಿಯೋ ಬಿಸಿ ಎಣ್ಣೆಯೋ ಹರಿಯುತ್ತದೆ. ನಮ್ಮ ಕೊಳವೆಬಾವಿಗಳ ಗಡಸು ನೀರನ್ನು ಮೆತ್ತಗೆ ಮಾಡದೆ ಬಾಯ್ಲರಿಗೆ ಬಿಟ್ಟರೆ ಏನಾಗುತ್ತದೆ ಎಂದು ಮನೆಯ ನೀರು ಕಾಯಿಸುವ ಕಾಯಿಲ್ ಹೇಳುತ್ತದೆ. ಬಿಸಿ ಎಣ್ಣೆಯೂ ಅಳತೆ ಮೀರಿ ಕಾದರೆ ಒಳಗೇ ಇದ್ದಿಲಾಗುತ್ತದೆ. ಹೊರಮೈ ಕನ್ನಡಿಯಂತಿದ್ದೂ ಫಳಿಯ ಒಂದು ಮೂಲೆ ಸದಾ ಹಸಿಯಾಗಿ ಬಂದರೆ ಒಳಗೆ ನೋಡಬೇಕು.

ಇಷ್ಟೆಲ್ಲ ಗೊತ್ತಿದ್ದೂ ಏಕೆ ಆಗುವುದಿಲ್ಲ? ಗೊತ್ತಿಲ್ಲ ಎಂಬ ನೆಪಕ್ಕಂತೂ ಜಾಗವಿಲ್ಲ. ಬೆಂಗಳೂರಿನಲ್ಲಿ 1962ರಲ್ಲಿ ಶುರುವಾದ ಪ್ಲೈವುಡ್ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಈ ಉದ್ಯಮಕ್ಕೆ ದಶಕಗಳ ಕಾಲ ಜನರನ್ನು ತಯಾರು ಮಾಡಿದೆ. ಕಾರಣ ಗಡಿಯಾರದಲ್ಲಿದೆ. ಹತ್ತು ಬಾಯಿಯ ಪ್ರೆಸ್ಸು ಐದು ನಿಮಿಷಕ್ಕೊಮ್ಮೆ ತೆರೆದರೆ ಗಂಟೆಗೆ 120 ಫಳಿ. ಒಂದು ಗಂಟೆ ನಿಲ್ಲಿಸಿ ಕೆರೆದರೆ ಆ 120 ಹೋದವು, ಪುಸ್ತಕದಲ್ಲಿ ಕಾಣುತ್ತದೆ. ಕೆರೆಯದೆ ಬಿಟ್ಟದ್ದರಿಂದ ವಾರವಿಡೀ ಎರಡನೆಯ ದರ್ಜೆಗೆ ಇಳಿದ ಫಳಿಗಳು ಬೇರೆ ಪುಸ್ತಕದಲ್ಲಿರುತ್ತವೆ. ಯಾರೂ ಎರಡು ಪುಸ್ತಕ ಒಟ್ಟಿಗೆ ತೆರೆಯುವುದಿಲ್ಲ. ಕೆರೆಯುವ ಕೆಲಸವೂ ಪ್ರೆಸ್ಸಿನ ಆಪರೇಟರಿಗಲ್ಲ, ಪಾಳಿಯಲ್ಲಿ ಎಲ್ಲರಿಗಿಂತ ಹೊಸಬನಿಗೆ, ಕೂಲಿ ಕಡಿಮೆ ಇರುವವನಿಗೆ. ಹಿತ್ತಾಳೆ ಉಳಿ ಕೊಡದೆ ಕೈಗೆ ಸಿಕ್ಕ ಕಬ್ಬಿಣ ಹಿಡಿಸಿ ಕಳಿಸುತ್ತಾರೆ. ಯಂತ್ರದ ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ಆ ಹುಡುಗನ ಜೇಬಿನಲ್ಲೇ ಇಟ್ಟು ಒಳಗೆ ಕೈ ಹಾಕಿಸುವ ಪದ್ಧತಿ ಎಷ್ಟು ಶೆಡ್ಡುಗಳಲ್ಲಿದೆ? ಮೇಲೆ 740 ಟನ್ ಒತ್ತುವ ಯಂತ್ರವದು.

ವರ್ಷಕ್ಕೊಮ್ಮೆ ಮಾತ್ರ ಎಲ್ಲ ಪ್ರೆಸ್ಸುಗಳೂ ಹೊಳೆಯುತ್ತವೆ, ಖಂಡೇ ನವಮಿಯ ಹಿಂದಿನ ದಿನ. ಆಪರೇಟರು, ಮಾಲೀಕ, ಮಾಲೀಕನ ಮಗ, ಎಲ್ಲರೂ ಬಟ್ಟೆ ಹಿಡಿದು ನಿಲ್ಲುತ್ತಾರೆ. ಆ ತಗಡಿನ ಶೆಡ್ಡಿನವನೂ ಹಾಗೇ ಮಾಡುತ್ತಾನಂತೆ. ಒಂದು ವರ್ಷ ಪೂಜೆಯಾಗಿ ಮರುದಿನ ಒತ್ತಿದ ಮೊದಲ ಬಾಗಿಲಿನ ಮೇಲೆ ಐದು ಬೆರಳಿನ ಕೆಂಪು ಗುರುತೂ ತೆಂಗಿನ ನೀರಿನ ಕಲೆಯೂ ಬಂದಿತ್ತು ಎಂದು ನಗುತ್ತಾ ಹೇಳಿದ. ಗಿರಾಕಿ ಅದನ್ನು ಪ್ರಸಾದವೆಂದು ಒಯ್ಯಲಿಲ್ಲ. ಅಲ್ಲಿಂದ ಈಚೆ ಆತ ಕುಂಕುಮ ಹಚ್ಚುವುದು ಪ್ರೆಸ್ಸಿನ ಚೌಕಟ್ಟಿಗೆ, ಕಾಯಿ ಒಡೆಯುವುದು ಹೊಸ್ತಿಲಲ್ಲಿ. ನೀವೂ ಹಾಗೇ ಮಾಡಿ, ಪ್ಲೇಟಿಗೆ ಬೇಡ.